ಮೌಸ್ ಬಾಣಕ್ಕೆ ಹೊಸ ವೇಷ ಹಾಕುವುದು ಹೇಗೆ?

ನಮ್ಮಣ್ಣನ ಮಗಳು ಕಂಪ್ಯೂಟರಿನ ಬಾಣವನ್ನು ಬೆಕ್ಕಿನ ಪಂಜ ಮಾಡಿಕೊಂಡಿದ್ದಳು. ವಾರದೊಳಗೆ ಪಂಜ ಮಾಯ, ಹಳೇ ಬಿಳಿ ಬಾಣ ವಾಪಸ್. ‘ವೈರಸ್ ಬಂದಿದೆ ಚಿಕ್ಕಪ್ಪಾ’ ಅಂದಳು. ವೈರಸ್ಸೂ ಇಲ್ಲ, ಮಣ್ಣೂ ಇಲ್ಲ. ಡೌನ್‌ಲೋಡ್ಸ್ ಫೋಲ್ಡರ್ ಗುಡಿಸುವಾಗ ಪಂಜವನ್ನೂ ಗುಡಿಸಿ ಹಾಕಿದ್ದಳು. ಈ ತಪ್ಪನ್ನು ನಾನು ನೋಡಿದ್ದು ಅದೇ ಮೊದಲಲ್ಲ.

ವಿಂಡೋಸ್ ಕಂಪ್ಯೂಟರ್ ಇದ್ದವರು ಮೊದಲು ಬಾಣದ ಡಿಸೈನ್ ಇಳಿಸಿಕೊಳ್ಳಿ. ರಿಯಲ್‌ವರ್ಲ್ಡ್ ಡಿಸೈನರ್, ಡೀವಿಯಂಟ್‌ಆರ್ಟ್ ತಾಣಗಳಲ್ಲಿ ಹವ್ಯಾಸಿಗಳು ಮಾಡಿದ್ದು ಬೇಕಾದಷ್ಟು ಪುಕ್ಕಟೆ ಸಿಗುತ್ತವೆ. ಫೈಲ್ ಹೆಸರಿನ ಕೊನೆಗೆ ಸಿಯುಆರ್ ಇದ್ದರೆ ಸುಮ್ಮನಿರುವ ಬಾಣ, ಎಎನ್‌ಐ ಇದ್ದರೆ ಕುಣಿಯುವಂಥದ್ದು. ಇಎಕ್ಸ್‌ಇ ಇದ್ದರೆ ಅದು ಬಾಣವಲ್ಲ, ಪ್ರೋಗ್ರಾಂ. ಆಗಲೇ ಅಳಿಸಿ. ಬಾಣ ಬದಲಿಸಲು ಯಾವ ಸಾಫ್ಟ್‌ವೇರೂ ಬೇಕಿಲ್ಲ.

ಈಗ ಎಲ್ಲರೂ ಎಡವುವ ಜಾಗ. ವಿಂಡೋಸ್ ಆ ಫೈಲನ್ನು ತನ್ನೊಳಗೆ ಎಳೆದುಕೊಳ್ಳುವುದಿಲ್ಲ, ಅದು ಎಲ್ಲಿದೆ ಅನ್ನುವ ವಿಳಾಸವನ್ನಷ್ಟೇ ಬರೆದಿಟ್ಟುಕೊಳ್ಳುತ್ತದೆ. ಫೈಲ್ ಜಾಗ ಬಿಟ್ಟರೆ ಬಾಣವೂ ಹೋಯ್ತು. ಅದಕ್ಕೇ ಇಳಿಸಿಕೊಂಡದ್ದು ಜಿಪ್ ಗಂಟಾಗಿದ್ದರೆ ಮೊದಲು ‘ಎಕ್ಸ್‌ಟ್ರಾಕ್ಟ್ ಆಲ್’ ಒತ್ತಿ ಬಿಚ್ಚಿ. ಆಮೇಲೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ‘ಕರ್ಸರ್ಸ್’ ಒಳಗೆ ಹಾಕಿ. ಅನುಮತಿ ಕೇಳುತ್ತದೆ, ಕೊಡಿ. ಅಲ್ಲಿ ಯಾರೂ ಕಸ ಗುಡಿಸಲು ಹೋಗುವುದಿಲ್ಲ, ಅಲ್ವಾ? ಹಲವು ಬಾಣಗಳ ಕಟ್ಟಾದ ಕೆಲವು ಪ್ಯಾಕ್‌ಗಳಲ್ಲಿ ಹೆಸರು ಐಎನ್‌ಎಫ್ ಎಂದು ಮುಗಿಯುವ ಫೈಲ್ ಇರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಅಂದರೆ ಈ ಸಾಗಾಟವೆಲ್ಲ ತಾನೇ ಆಗುತ್ತದೆ. ವಿಂಡೋಸ್ 11ರಲ್ಲಿ ಅದು ‘ಶೋ ಮೋರ್ ಆಪ್ಷನ್ಸ್’ ಒಳಗೆ ಅಡಗಿರಬಹುದು.

ಈಗ ಮೌಸ್ ಸೆಟ್ಟಿಂಗ್ಸ್ ತೆರೆದು, ‘ಅಡಿಷನಲ್ ಮೌಸ್ ಸೆಟ್ಟಿಂಗ್ಸ್’ ಒತ್ತಿ, ‘ಪಾಯಿಂಟರ್ಸ್’ಗೆ ಹೋಗಿ. ಐಎನ್‌ಎಫ್ ಹಾಕಿದವರು ಮೇಲಿನ ಪಟ್ಟಿಯಲ್ಲಿ ಪ್ಯಾಕ್ ಹೆಸರು ಆರಿಸಿದರೆ ಮುಗಿಯಿತು. ಉಳಿದವರಿಗೆ ಕೆಳಗೆ 17 ಬಗೆಯ ಬಾಣಗಳಿವೆ. ಒಂದೊಂದನ್ನೇ ಆರಿಸಿ, ‘ಬ್ರೌಸ್’ ಒತ್ತಿ ಫೈಲ್ ತೋರಿಸಿ. ಹದಿನೇಳನ್ನೂ ಬದಲಿಸುವ ಹುಚ್ಚು ಬೇಡ. ‘ನಾರ್ಮಲ್’, ‘ಲಿಂಕ್’, ‘ಬ್ಯುಸಿ’ ಸಾಕು. ‘ಟೆಕ್ಸ್ಟ್ ಸೆಲೆಕ್ಟ್’ ಅನ್ನುವ ಸಣ್ಣ ಗೆರೆಯನ್ನಂತೂ ಮುಟ್ಟಲೇಬೇಡಿ. ಅಕ್ಷರಗಳ ನಡುವೆ ಪಂಜ ಇಟ್ಟುಕೊಂಡು ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ.

‘ಅಪ್ಲೈ’ಗೆ ಮೊದಲು ‘ಸೇವ್ ಆ್ಯಸ್’ ಒತ್ತಿ ಒಂದು ಹೆಸರು ಕೊಡಿ. ಇಲ್ಲದಿದ್ದರೆ ಬೇರೆ ಸೆಟ್ ಆರಿಸಿದಾಗ ಪಟ್ಟ ಶ್ರಮವೆಲ್ಲ ನೀರುಪಾಲು. ಥೀಮ್‌ಗಳು ಬಾಣ ಬದಲಿಸಬಹುದು ಅನ್ನುವ ಟಿಕ್ ಕೂಡ ತೆಗೆಯಿರಿ.

ಎಲ್ಲ ಸರಿಯಿದ್ದರೂ ಕ್ಲಿಕ್ ಪಕ್ಕಕ್ಕೆ ಬೀಳುತ್ತಿದ್ದರೆ ಅದು ಹಾಟ್‌ಸ್ಪಾಟ್ ತೊಂದರೆ. ಚಿತ್ರದ ಯಾವ ಚುಕ್ಕೆ ಕ್ಲಿಕ್ ಮಾಡಬೇಕು ಅನ್ನುವ ಗುರುತು ಅದು. ಉಚಿತವಾಗಿ ಸಿಗುವ ರಿಯಲ್‌ವರ್ಲ್ಡ್ ಕರ್ಸರ್ ಎಡಿಟರ್‌ನಲ್ಲಿ ಅದನ್ನು ಸರಿಸಬಹುದು. ನಮ್ಮ ಹುಡುಗಿಯ ಪಂಜದಲ್ಲಿ ಅದು ಅಂಗೈ ನಡುವೆ ಇತ್ತು. ಬೆರಳ ತುದಿಗೆ ತಂದ ಮೇಲೆ ಅವಳಿಗೆ ಕಿಟಕಿ ಮುಚ್ಚುವ ಗುಂಡಿ ಒಂದೇ ಏಟಿಗೆ ಸಿಕ್ಕಿತು.