ಎಸೆತ ಎಲ್ಲಿ ಹೋಯಿತು ಅಂತ ಬರೆದಿಡಿ: ಡಿಸ್ಕ್ ಗಾಲ್ಫ್ ಪಂದ್ಯದ ಮೊದಲ ವರ್ಷ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಆರು ಮಷಿನ್ನುಗಳ ಜೀನ್ಸ್ ಯೂನಿಟ್. ಕಟಿಂಗ್ ನನ್ನ ಕೆಲಸ. ಸಂಜೆ ಟೇಬಲ್ ಗುಡಿಸಿದ ಮೇಲೆ ಎಷ್ಟು ಬಟ್ಟೆ ಚೂರಾಗಿ ಹೋಯಿತು ಅಂತ ತೂಕ ಹಾಕಿ ಬರೆದಿಡುತ್ತೇನೆ. ಒಂದೊಂದು ಪ್ಯಾಂಟಿಗೆ ಎರಡು ಇಂಚು ಉಳಿಸಿದರೂ ತಿಂಗಳ ಕೊನೆಗೆ ಅದೇ ಲಾಭ. ಡಿಸ್ಕ್ ಗಾಲ್ಫ್ ಆಡಲು ಶುರು ಮಾಡಿದ ನಾಲ್ಕು ತಿಂಗಳಿಗೆ ಈ ಲೆಕ್ಕದ ಅಭ್ಯಾಸವನ್ನು ಆಟಕ್ಕೂ ತಂದೆ. ನನ್ನ ಸ್ಕೋರು ಇಳಿಯಲು ಶುರುವಾಗಿದ್ದು ಆಗಲೇ. ಈ ಆಟದಲ್ಲಿ ಸ್ಕೋರು ಇಳಿದಷ್ಟೂ ಒಳ್ಳೆಯದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟೀ ಅನ್ನುವ ಜಾಗದಿಂದ ಡಿಸ್ಕ್, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆ, ಎಸೆಯುತ್ತೀರಿ. ಬಿದ್ದಲ್ಲಿಂದ ಮತ್ತೆ ಎಸೆಯುತ್ತೀರಿ. ಕಂಬಕ್ಕೆ ಸರಪಳಿ ಕಟ್ಟಿದ ಬುಟ್ಟಿಯಲ್ಲಿ ಡಿಸ್ಕ್ ಕೂತರೆ ಒಂದು ಹೋಲ್ ಮುಗಿಯಿತು. ಹೀಗೆ ಹದಿನೆಂಟು ಹೋಲ್. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದಂತೆ.

ನನ್ನ ತಮ್ಮ ಎರಡು ವರ್ಷ ಫಿನ್‌ಲ್ಯಾಂಡಿನಲ್ಲಿ ಕೆಲಸ ಮಾಡಿ ಬಂದ. ಅಲ್ಲಿ ಈ ಆಟ ಬಹಳ ಜೋರು. ಬರುವಾಗ ಏಳು ಡಿಸ್ಕ್ ತಂದಿದ್ದ. ಮೋಕಾ ರಸ್ತೆಯ ಕಡೆ ನಮ್ಮ ಸೋದರಮಾವನ ಬೀಳು ಹೊಲ ಇದೆ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಜಾಲಿ. ಅಲ್ಲೇ ಒಂಬತ್ತು ಕಂಬ ನೆಟ್ಟೆವು. ಮೊದಮೊದಲು ಬುಟ್ಟಿ ಇರಲಿಲ್ಲ, ಕಂಬಕ್ಕೆ ಡಿಸ್ಕ್ ತಗುಲಿದರೆ ಆಯಿತು ಅಂತ ಲೆಕ್ಕ. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಪಾರ್ಕಿನಲ್ಲಿ ಎಡ್ ಹೆಡ್ರಿಕ್ ಮೊದಲ ಕಾಯಂ ಅಂಗಳ ಮಾಡಿದಾಗ ಅಲ್ಲೂ ಗುರಿ ಬರೀ ಕಂಬಗಳೇ. ಸರಪಳಿ ಬುಟ್ಟಿಯನ್ನು ಅವರು ಆಮೇಲೆ ರೂಪಿಸಿದರು. ಇಂದು ನಿಯಮಗಳನ್ನು ಬರೆಯುವ ಪಿಡಿಜಿಎ (ಪ್ರೊಫೆಷನಲ್ ಡಿಸ್ಕ್ ಗಾಲ್ಫ್ ಅಸೋಸಿಯೇಷನ್) ಸಂಸ್ಥೆಯನ್ನು 1976ರಲ್ಲಿ ಹುಟ್ಟುಹಾಕಿದವರೂ ಅವರೇ. ಹಾಗಾಗಿ ನಿಮ್ಮೂರಲ್ಲಿ ಅಂಗಳ ಇಲ್ಲ ಅಂತ ಕಾಯಬೇಡಿ. ಕಂಬ ಸಾಕು.

ಆದರೆ ಪಂದ್ಯಕ್ಕೆ ಹೋಗುವ ಆಸೆ ಇದ್ದರೆ ಒಂದಾದರೂ ಸರಪಳಿ ಬುಟ್ಟಿ ಬೇಕೇ ಬೇಕು. ಸರಪಳಿ ಡಿಸ್ಕನ್ನು ಹಿಡಿಯುತ್ತದೆ, ಜೋರಾಗಿ ಬಂದರೆ ಉಗುಳುತ್ತದೆ. ಅದು ಕೈಗೆ ಗೊತ್ತಾಗಬೇಕು. ನಾವು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆವು. ಮೇಲೆ ಹಳೆಯ ಸೈಕಲ್ ರಿಮ್ಮು, ಅದರಿಂದ ಇಳಿಬಿಟ್ಟ ಸರಪಳಿ, ಕೆಳಗೆ ಕಬ್ಬಿಣದ ಬುಟ್ಟಿ. ಬುಟ್ಟಿಯ ಅಂಚು ನೆಲದಿಂದ ಸುಮಾರು 82 ಸೆಂಟಿಮೀಟರ್ ಎತ್ತರದಲ್ಲಿರಲಿ. ಸರಪಳಿಯನ್ನು ಗುಜರಿಯಲ್ಲಿ ಕೆ.ಜಿ. ಲೆಕ್ಕಕ್ಕೆ ತಂದೆವು. ಒಟ್ಟು 2,800 ರೂಪಾಯಿ ಆಯಿತು.

ಇನ್ನು ಡಿಸ್ಕ್. ಮೂರು ಸಾಕು. ಬುಟ್ಟಿಯ ಹತ್ತಿರಕ್ಕೆ ಒಂದು ಪಟರ್, ನಡುವಿನ ದೂರಕ್ಕೆ ಒಂದು ಮಿಡ್‌ರೇಂಜ್, ದೂರದ ಎಸೆತಕ್ಕೆ ಒಂದು ನಿಧಾನದ ಫೇರ್‌ವೇ ಡ್ರೈವರ್. ಡಿಸ್ಕಿನ ಮೇಲೆ ನಾಲ್ಕು ಅಂಕಿ ಇರುತ್ತವೆ. ಮೊದಲನೆಯದು ವೇಗ, ಎರಡನೆಯದು ಎಷ್ಟು ಹೊತ್ತು ತೇಲುತ್ತದೆ ಅನ್ನುವುದು. ಮೂರನೆಯದು ವೇಗದಲ್ಲಿರುವಾಗ ಎಷ್ಟು ಬಲಕ್ಕೆ ವಾಲುತ್ತದೆ (ಮೈನಸ್ ಜಾಸ್ತಿ ಇದ್ದಷ್ಟೂ ಹೆಚ್ಚು), ನಾಲ್ಕನೆಯದು ವೇಗ ಸತ್ತ ಮೇಲೆ ಎಷ್ಟು ಎಡಕ್ಕೆ ಬೀಳುತ್ತದೆ ಅಂತ ಹೇಳುತ್ತದೆ. ಇದು ಬಲಗೈಯಲ್ಲಿ ಬ್ಯಾಕ್‌ಹ್ಯಾಂಡ್, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಎಸೆಯುವವರ ಲೆಕ್ಕ, ಎಡಗೈಯವರಿಗೆ ಉಲ್ಟಾ. ಏವಿಯಾರ್ ಅನ್ನುವ ಪಟರ್ 2, 3, 0, 1. ನೆಟ್ಟಗೆ ಹೋಗಿ ಮೆತ್ತಗೆ ಎಡಕ್ಕೆ ಇಳಿಯುತ್ತದೆ. ಬಜ್ ಅನ್ನುವ ಮಿಡ್‌ರೇಂಜ್ 5, 4, -1, 1. ಲೆಪರ್ಡ್ ಅನ್ನುವ ಫೇರ್‌ವೇ ಡ್ರೈವರ್ 6, 5, -2, 1. ನನ್ನ ಚೀಲದಲ್ಲಿ ಮೊದಲ ವರ್ಷ ಇದ್ದದ್ದು ಇವೇ ಮೂರು. ತಮ್ಮನ ಡೆಸ್ಟ್ರಾಯರ್ ಅನ್ನುವ ಡಿಸ್ಕ್ ವೇಗ 12ರದ್ದು. ಅದನ್ನು ಕಂಡರೆ ಎಲ್ಲರಿಗೂ ಆಸೆ. ಆದರೆ ಅಷ್ಟು ವೇಗ ನಮ್ಮ ಕೈಯಲ್ಲಿ ಇಲ್ಲದಿದ್ದರೆ ಅದು ಬೇಗನೆ ಎಡಕ್ಕೆ ತಿರುಗಿ ಬಿದ್ದುಬಿಡುತ್ತದೆ. ನನಗಂತೂ ಅದಕ್ಕಿಂತ ಮಿಡ್‌ರೇಂಜೇ ದೂರ ಹೋಗುತ್ತಿತ್ತು.

ಎಸೆಯುವ ಬಗೆಯನ್ನು ಬರೆದು ಹೇಳುವುದು ಕಷ್ಟ. ನನಗೆ ಅರ್ಥವಾದದ್ದು ಹೀಗೆ. ಒದ್ದೆ ಸೀರೆಯನ್ನು ಹಗ್ಗಕ್ಕೆ ಹಾಕುವ ಮುಂಚೆ ಜಾಡಿಸುತ್ತೇವೆ ಅಲ್ವಾ? ತೋಳು ಸಡಿಲ ಇರುತ್ತದೆ, ಕೊನೆಯಲ್ಲಿ ಮಾತ್ರ ಮಣಿಕಟ್ಟಿನಿಂದ ಫಟ್ ಅನ್ನುತ್ತದೆ. ಎಸೆತವೂ ಹಾಗೇ. ಸೊಂಟ ಮೊದಲು ತಿರುಗುತ್ತದೆ, ಮೊಣಕೈ ಮುಂದೆ ಬರುತ್ತದೆ, ಡಿಸ್ಕ್ ಎದೆಯ ಹತ್ತಿರ ನೇರ ಗೆರೆಯಲ್ಲಿ ಎಳೆದುಕೊಂಡು ಬಂದು ಕೊನೆಗೆ ಚಿಮ್ಮುತ್ತದೆ. ತೋಳನ್ನು ದೊಡ್ಡದಾಗಿ ಸುತ್ತು ಹಾಕಿಸಿದರೆ ಭುಜ ನೋಯುತ್ತದೆ, ದೂರವೂ ಹೋಗುವುದಿಲ್ಲ. ಮೊದಲ ಮೂರು ತಿಂಗಳು ಓಡಿ ಬಂದು ಎಸೆಯಬೇಡಿ. ನಿಂತಲ್ಲಿಂದಲೇ ಎಸೆಯಿರಿ.

ಈಗ ಲೆಕ್ಕದ ಪುಸ್ತಕ. ಇದನ್ನು ಹೇಳಬೇಕು ಅಂತಲೇ ಬರೆಯಲು ಕೂತಿದ್ದೇನೆ.

ಪ್ರತಿ ಹೋಲ್ ಮುಗಿದ ಮೇಲೆ ಬರೀ ಎಷ್ಟು ಎಸೆತ ಆಯಿತು ಅಂತ ಬರೆದರೆ ಏನೂ ಗೊತ್ತಾಗುವುದಿಲ್ಲ. ಪಾರ್‌ಗಿಂತ ಜಾಸ್ತಿ ಆದ ಒಂದೊಂದು ಎಸೆತದ ಮುಂದೆಯೂ ಅದು ಯಾಕೆ ಹೋಯಿತು ಅಂತ ಒಂದು ಅಕ್ಷರ ಬರೆಯಿರಿ. ಪಾರ್ ಅಂದರೆ ಆ ಹೋಲಿಗೆ ಗೊತ್ತು ಮಾಡಿದ ಎಸೆತಗಳ ಸಂಖ್ಯೆ. ನಾನು ಮೂರೇ ಅಕ್ಷರ ಇಟ್ಟುಕೊಂಡೆ. ಹತ್ತು ಮೀಟರ್ ಒಳಗಿಂದ ತಪ್ಪಿದರೆ 'ಹ'. ಜಾಲಿಗೋ ಕಾಲುವೆಗೋ ಹೋದರೆ 'ಜ'. ದೂರ ಸಾಲದೆ ಹೋದರೆ 'ದ'. ಅಕ್ಟೋಬರಿನ ಒಂದು ಭಾನುವಾರ ನಮ್ಮ ಒಂಬತ್ತು ಹೋಲ್‌ಗಳನ್ನು ಎರಡು ಸುತ್ತು ಆಡಿ 82 ಎಸೆತ ಮಾಡಿದ್ದೆ. ಪಾರ್ 54. ಜಾಸ್ತಿಯಾದದ್ದು 28. ಅದರಲ್ಲಿ 'ಹ' 13, 'ಜ' 8, 'ದ' 7 ಇದ್ದವು. ಅಲ್ಲಿಯವರೆಗೆ ನನಗೆ ದೂರ ಎಸೆಯಲು ಬರುವುದಿಲ್ಲ ಅನ್ನುವ ಕೊರಗು ಇತ್ತು. ವಾರವಿಡೀ ದೂರ ಎಸೆಯುವುದನ್ನೇ ಕಲಿಯುತ್ತಿದ್ದೆ. ಪುಸ್ತಕ ನೋಡಿದರೆ ಬರೀ ಕಾಲು ಭಾಗ ಅಲ್ಲಿ ಹೋಗಿತ್ತು. ಅರ್ಧದಷ್ಟು ಹೋಗಿದ್ದು ಬುಟ್ಟಿಯ ಪಕ್ಕದಲ್ಲೇ ನಿಂತು.

ಮಾರನೇ ದಿನವೇ ಒಂದು ಬುಟ್ಟಿಯನ್ನು ಯೂನಿಟ್ಟಿನ ಮಾಳಿಗೆಗೆ ಸಾಗಿಸಿದೆವು. ಸಂಜೆ ಮಷಿನ್ ನಿಂತ ಮೇಲೆ ಐವತ್ತು ಪಟ್, ಅಂದರೆ ಹತ್ತಿರದಿಂದ ಬುಟ್ಟಿಗೆ ಹಾಕುವ ಎಸೆತ. ಐದು ಮೀಟರ್‌ನಿಂದ ಇಪ್ಪತ್ತು, ಏಳರಿಂದ ಇಪ್ಪತ್ತು, ಹತ್ತರಿಂದ ಹತ್ತು. ಇಡೀ ಬುಟ್ಟಿಯನ್ನು ನೋಡಬೇಡಿ, ಸರಪಳಿಯ ಒಂದು ಕೊಂಡಿಯನ್ನು ನೋಡಿ. ಪ್ರತಿ ಸಲ ಕಾಲು, ಉಸಿರು, ಕೈ ಒಂದೇ ತರ ಇರಲಿ. ಹೊಲಿಗೆಯವರಿಗೆ ಇದು ಬೇಗ ಹತ್ತುತ್ತದೆ. ನಮ್ಮ ಓವರ್‌ಲಾಕ್ ಮಷಿನ್ನಿನ ಅಕ್ಕ ಸುಮ್ನೆ ನೋಡುತ್ತಾ ನಿಂತಿದ್ದವರು ಎರಡನೇ ವಾರಕ್ಕೆ ನನಗಿಂತ ಚೆನ್ನಾಗಿ ಹಾಕತೊಡಗಿದರು. ಜನವರಿ ಹೊತ್ತಿಗೆ ನನ್ನ 'ಹ' ಹದಿಮೂರರಿಂದ ಐದಕ್ಕೆ ಬಂತು.

'ಜ' ಕಡಿಮೆ ಮಾಡಲು ಬೇರೆ ದಾರಿ. ಬಳ್ಳಾರಿ ಜಾಲಿ ಅಂತ ನಮ್ಮೂರಿನ ಹೆಸರನ್ನೇ ಹೊತ್ತ ಮುಳ್ಳು ಅದು. ಒಳಗೆ ಹೋದ ಡಿಸ್ಕ್ ತೆಗೆಯಲು ಕೈಯೆಲ್ಲ ಗೀರು. ಪಂದ್ಯದಲ್ಲಿ ನಿಲ್ಲಲು ಜಾಗ ಇಲ್ಲ ಅಂತ ಟೊಂಗೆ ಮುರಿಯುವ ಹಾಗೂ ಇಲ್ಲ. ಅದಕ್ಕೆ ನಿಯಮ ಗೊತ್ತಿರಬೇಕು. ಒಂದು ಎಸೆತದ ದಂಡ ತೆತ್ತು, ಬುಟ್ಟಿಯಿಂದ ಡಿಸ್ಕಿಗೆ ಎಳೆದ ಗೆರೆಯಲ್ಲೇ ಹಿಂದಕ್ಕೆ ಬಂದು ಬಯಲಿನಿಂದ ಎಸೆಯಬಹುದು. ಇಲ್ಲವೇ ದಂಡದೊಂದಿಗೆ ಹಿಂದೆ ಎಸೆದ ಜಾಗಕ್ಕೇ ವಾಪಸ್ ಹೋಗಬಹುದು. ಹಾವು, ಚೇಳು, ಜೇನು ಇದ್ದರೆ ದಂಡವಿಲ್ಲದೆ ಗೆರೆಯಲ್ಲಿ ಐದು ಮೀಟರ್‌ವರೆಗೆ ಹಿಂದೆ ಬರಬಹುದು. ಹುಡುಕಲು ಮೂರು ನಿಮಿಷ. ಸಿಗದಿದ್ದರೆ ಒಂದು ದಂಡ, ಮತ್ತೆ ಹಳೇ ಜಾಗ. ಇಷ್ಟು ಗೊತ್ತಾದ ಮೇಲೆ ಜಾಲಿಯ ಸಂದಿಯಲ್ಲಿ ತೂರಿಸುವ ಸಾಹಸ ಬಿಟ್ಟೆ. ಮೊದಲ ಎಸೆತಕ್ಕೇ ಮಿಡ್‌ರೇಂಜ್ ಹಿಡಿದು ಬಯಲಿಗೆ ಹಾಕುತ್ತೇನೆ. ಇಪ್ಪತ್ತು ಮೀಟರ್ ಕಡಿಮೆ ಹೋಗುತ್ತದೆ, ಹೋಗಲಿ.

ಗಾಳಿಯ ಮಾತನ್ನೂ ಹೇಳಬೇಕು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೇ ಗೊತ್ತು. "ಅಕ್ಕಾ, ಎದುರು ಗಾಳಿಗೆ ಮೇಲೆತ್ತಬೇಡ, ತಗ್ಗಿನಲ್ಲಿ ಎಸಿ" ಅಂತ ತಮ್ಮ ಕೂಗುತ್ತಲೇ ಇರುತ್ತಿದ್ದ. ಎದುರು ಗಾಳಿ ಇದ್ದರೆ ಡಿಸ್ಕ್ ಜಾಸ್ತಿ ಬಲಕ್ಕೆ ಮಗುಚುತ್ತದೆ. ಹಾಗಾಗಿ ನಾಲ್ಕನೇ ಅಂಕಿ ದೊಡ್ಡದಿರುವ ಡಿಸ್ಕ್ ತೆಗೆದುಕೊಳ್ಳಿ. ಹಿಂದಿನಿಂದ ಗಾಳಿ ಬಂದರೆ ಡಿಸ್ಕ್ ಬೇಗ ನೆಲ ಹಿಡಿಯುತ್ತದೆ. ಆಗ ಸ್ವಲ್ಪ ಎತ್ತರಕ್ಕೆ ಬಿಡಿ. ಚಿಟಿಕೆ ಮಣ್ಣು ಉದುರಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಮಳೆ ಬಿದ್ದ ಮರುದಿನ ಎರೆ ಹೊಲದಲ್ಲಿ ಆಡಬೇಡಿ, ಚಪ್ಪಲಿಗೆ ಎರಡು ಕೆ.ಜಿ. ಮಣ್ಣು ಹತ್ತುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಆರಕ್ಕೆ ಶುರು ಮಾಡಿ ಎಂಟೂವರೆಗೆ ಮುಗಿಸಿ. ಕಾರಿನೊಳಗೆ ಡಿಸ್ಕ್ ಬಿಟ್ಟರೆ ಸೊಟ್ಟಗಾಗುತ್ತವೆ.

ಪಂದ್ಯದ ಭಯ ಹೋಗಬೇಕಾದರೆ ಊರಲ್ಲೇ ಪಂದ್ಯದ ಹಾಗೆ ಆಡಬೇಕು. ನಾವು ಹನ್ನೊಂದು ಜನ ಭಾನುವಾರದ ಲೀಗ್ ಮಾಡಿಕೊಂಡೆವು. ನಾಲ್ಕು ನಿಯಮಗಳನ್ನು ಸ್ನೇಹಕ್ಕೂ ಸಡಿಲ ಬಿಡಬೇಡಿ. ಸರದಿ ಬಂದು ದಾರಿ ಖಾಲಿಯಾದ ಮೇಲೆ 30 ಸೆಕೆಂಡಿನೊಳಗೆ ಎಸೆಯಬೇಕು. ಬಿದ್ದ ಡಿಸ್ಕಿನ ಮುಂದೆ ಚಿಕ್ಕ ಮಾರ್ಕರ್ ಇಟ್ಟು, ಅದರ ಹಿಂದಿನ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದಲ್ಲಿ ಕಾಲು ಇಟ್ಟೇ ಎಸೆಯಬೇಕು. ಬುಟ್ಟಿಯಿಂದ ಹತ್ತು ಮೀಟರ್ ಒಳಗಿದ್ದರೆ ಎಸೆದ ಮೇಲೆ ಮುಂದಕ್ಕೆ ಮುಗ್ಗರಿಸುವಂತಿಲ್ಲ. ಮೈ ನಿಲುಗಡೆಗೆ ಬಂತು ಅಂತ ತೋರಿಸಿಯೇ ಮುಂದೆ ಹೆಜ್ಜೆ ಇಡಬೇಕು. ಬುಟ್ಟಿಗೆ ದೂರ ಇರುವವರು ಮೊದಲು ಎಸೆಯುತ್ತಾರೆ. ನಮ್ಮಲ್ಲಿ ಕಾಲುವೆ ಓಬಿ, ಅಂದರೆ ಅಂಗಳದ ಹೊರಗೆ. ಡಿಸ್ಕ್ ಪೂರ್ತಿ ಹೊರಗೆ ಹೋದರೆ ಮಾತ್ರ ದಂಡ, ಅಂಚಿಗೆ ತಾಗಿದ್ದರೂ ಒಳಗೇ ಲೆಕ್ಕ.

ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಪಂದ್ಯ ಆಡಿದೆ. ಆಟಗಾರರೇ ಸೇರಿ ನಡೆಸಿದ್ದು, ಇಪ್ಪತ್ತಾರು ಜನ, ಪಿಡಿಜಿಎ ನಿಯಮ. ರಾತ್ರಿ ಬಸ್ಸಿಗೆ ಹೋಗಿ ಬೆಳಿಗ್ಗೆ ಇಳಿದೆ. ಆ ತಪ್ಪು ನೀವು ಮಾಡಬೇಡಿ. ಒಂದು ದಿನ ಮುಂಚೆ ಹೋಗಿ ಅಂಗಳವನ್ನು ನಡೆದು ನೋಡಿ. ಯಾವ ಹೋಲಿನಲ್ಲಿ ಎಲ್ಲಿ ಬೀಳಿಸಬೇಕು ಅಂತ ಬರೆದುಕೊಳ್ಳಿ. ವಿಭಾಗ ಆರಿಸುವಾಗ ಸಂಕೋಚ ಬೇಡ, ಎಲ್ಲಕ್ಕಿಂತ ಕೆಳಗಿನ ಹೊಸಬರ ವಿಭಾಗಕ್ಕೇ ಹೆಸರು ಕೊಡಿ. ಹೆಣ್ಣುಮಕ್ಕಳಿಗೆ ಪಿಡಿಜಿಎಯಲ್ಲಿ ಬೇರೆ ವಿಭಾಗಗಳಿವೆ, ಮಿಶ್ರ ವಿಭಾಗದಲ್ಲೂ ಆಡಬಹುದು. ನಾನು ಮಿಶ್ರದಲ್ಲಿ ಆಡಿದೆ. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೂರು ಲೀಟರ್ ನೀರು, ಟವೆಲ್ ಇದ್ದವು. ಚೀಲ ನಾನೇ ಹೊಲಿದದ್ದು, ದಪ್ಪ ಡೆನಿಮ್ಮು, ಪಟ್ಟಿಗೆ ಬಾರ್ಟ್ಯಾಕ್ ಹೊಲಿಗೆ.

ಮೊದಲ ಸುತ್ತು 71 ಆಡಿದೆ. ಕಾರ್ಡಿನಲ್ಲಿ ಕೂಡುವಾಗ 70 ಅಂತ ಬರೆದು ಕೊಟ್ಟುಬಿಟ್ಟೆ. ಮೊತ್ತ ತಪ್ಪಿದರೆ ಎರಡು ಎಸೆತ ದಂಡ. 73 ಆಯಿತು. ದಿನಾ ಬಟ್ಟೆಯ ಲೆಕ್ಕ ಇಡುವವಳಿಗೆ ಅದು ಬಹಳ ನೋವು ಕೊಟ್ಟಿತು. ಅವತ್ತು ಸುಸ್ತಾಗಿತ್ತು, ಪಕ್ಕದವರು ಮಾತಾಡಿಸುತ್ತಿದ್ದರು. ಈಗ ಕಾರ್ಡನ್ನು ಪಕ್ಕಕ್ಕೆ ಕೂತು ಎರಡು ಸಲ ಕೂಡುತ್ತೇನೆ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ. ಎರಡನೇ ಸುತ್ತು 66. ಅದರಲ್ಲಿ 'ಹ' ಮೂರೇ ಇದ್ದವು.

ಕೊನೆಯದಾಗಿ, ಡಿಸ್ಕಿನ ಹಿಂಬದಿ ಅಳಿಸದ ಮಾರ್ಕರಿನಲ್ಲಿ ಹೆಸರು, ಫೋನ್ ನಂಬರ್ ಬರೆಯಿರಿ. ಬಹಳಷ್ಟು ಡಿಸ್ಕ್ ನೀರಿನಲ್ಲಿ ಮುಳುಗುತ್ತವೆ. ಆಗಸ್ಟಿನಲ್ಲಿ ಕಾಲುವೆ ತುಂಬಿ ಹರಿಯುವಾಗ ನನ್ನ ಏವಿಯಾರ್ ಹೋಗಿತ್ತು. ಆಮೇಲೆ ಇನ್ನೊಂದು ಕೊಂಡೆ. ಈ ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಂತಿತು. ಕೆಳಗಿನ ಹೊಲದವರು ಹೂಳು ತೆಗೆಸುವಾಗ ಫೋನ್ ಮಾಡಿ, "ನಿಮ್ಮದೊಂದು ಕೆಂಪು ತಾಟು ಸಿಕ್ಕಿದೆ ನೋಡ್ರಿ" ಅಂದರು. ಹೋಗಿ ತಂದೆ. ಅಂಚಿನಲ್ಲಿ ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ. ಈಗ ಮಾಳಿಗೆಯ ಮೇಲೆ ಎರಡು ಪಟರ್ ಇವೆ. ಐವತ್ತು ಪಟ್ ಹಾಕಲು ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ.