ಎರಡು ಗಾಂಧಾರ, ಒಂದು ಗಿಟಾರ್: ಬ್ಲೂಸ್‌ನಲ್ಲಿ ಮೇಜರ್, ಮೈನರ್ ಪೆಂಟಾಟೋನಿಕ್ ಬೆರೆಸುವುದು ಹೇಗೆ

ಗಿಟಾರ್ ಹಿಡಿದು ಒಂದೆರಡು ವರ್ಷ ಆದವರಿಗೆ ಐದನೇ ಫ್ರೆಟ್‌ನ ಮೈನರ್ ಪೆಂಟಾಟೋನಿಕ್ (ಐದು ಸ್ವರದ ಸ್ಕೇಲ್) ಬಾಕ್ಸ್, ಅಂದರೆ ಬೆರಳಿಡುವ ಆಕಾರ, ಕಣ್ಣು ಮುಚ್ಚಿದರೂ ಬರುತ್ತದೆ. ಬ್ಯಾಕಿಂಗ್ ಟ್ರ್ಯಾಕ್ (ಜೊತೆಗೆ ನುಡಿಸಲು ಇರುವ ಪಕ್ಕವಾದ್ಯದ ರೆಕಾರ್ಡಿಂಗ್) ಹಾಕಿದರೆ ಸಾಕು, ಬೆರಳು ತಾನೇ ಅಲ್ಲಿಗೆ ಹೋಗಿ ಕೂರುತ್ತದೆ. ಮೊದಮೊದಲು ಮಜಾ ಇರುತ್ತದೆ. ಆಮೇಲೆ ಬೋರ್ ಹೊಡೆಯುತ್ತದೆ, ಯಾಕಂದರೆ ಹನ್ನೆರಡು ಬಾರ್ (ತಾಳದ ಅಳತೆ) ಪೂರ್ತಿ ಅದೇ ಮುಖ, ಅದೇ ಸಿಟ್ಟು. ಅಮೆರಿಕದ ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ (1925–2015) ನುಡಿಸಿದ್ದನ್ನು ಕೇಳಿ ನೋಡಿ. ನಾಲ್ಕೈದು ಸ್ವರದ ಚಿಕ್ಕ ಸಾಲು, ಅದರಲ್ಲೇ ಸ್ವಲ್ಪ ನಗು, ಸ್ವಲ್ಪ ಕೊರಗು. ಅಲ್ಲಿ ಮೇಜರ್ ಪೆಂಟಾಟೋನಿಕ್ ಕೂಡ ಸೇರಿದೆ.

ಇದನ್ನು ಹೇಳಿಕೊಡುವ ವಿಡಿಯೋಗಳಿಗೆ ಬರ ಇಲ್ಲ. ಮೇಜರ್ ಅಂದರೆ ಖುಷಿ, ಮೈನರ್ ಅಂದರೆ ದುಃಖ, ಮನಸ್ಸಿಗೆ ಬಂದಾಗ ಬದಲಿಸಿ ಅನ್ನುತ್ತಾರೆ. ಆ ಮಾತು ಹಿಡಿದು ನುಡಿಸಲು ಕೂತರೆ ಅರ್ಧ ಸಲ ಚೆನ್ನಾಗಿ ಕೇಳುತ್ತದೆ, ಇನ್ನರ್ಧ ಸಲ ಕಿವಿಗೆ ಚುಚ್ಚುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ. ಕಾರಣ ಕಾರ್ಡ್‌ನಲ್ಲಿದೆ, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನಲ್ಲಿ. ಕೆಳಗೆ ಯಾವ ಕಾರ್ಡ್ ಓಡುತ್ತಿದೆ ಅಂತ ಗಮನ ಇಟ್ಟರೆ ಯಾವ ಸ್ಕೇಲ್‌ನಿಂದ ಯಾವ ಸ್ವರ ಎತ್ತಬೇಕು ಅನ್ನುವುದು ಬಹುಮಟ್ಟಿಗೆ ತಾನೇ ತಿಳಿಯುತ್ತದೆ.

ಎ ಕೀ, ಅಂದರೆ ಎ ಆಧಾರ ಸ್ವರ, ತೆಗೆದುಕೊಳ್ಳೋಣ. ಮೈನರ್ ಪೆಂಟಾಟೋನಿಕ್‌ನ ಸ್ವರಗಳು ಎ, ಸಿ, ಡಿ, ಇ, ಜಿ. ಮೇಜರ್ ಪೆಂಟಾಟೋನಿಕ್‌ನವು ಎ, ಬಿ, ಸಿ ಶಾರ್ಪ್, ಇ, ಎಫ್ ಶಾರ್ಪ್. ಎ ಮತ್ತು ಇ ಎರಡರಲ್ಲೂ ಇವೆ. ಒಟ್ಟು ಸೇರಿಸಿದರೆ ಎಂಟು ಸ್ವರ.

ನಮ್ಮ ಕಲಬುರಗಿ ಕಡೆ ಗಿಟಾರ್‌ಗಿಂತ ಮೊದಲು ಹಾರ್ಮೋನಿಯಂ ಮುಂದೆ ಕೂತವರು ಬಹಳ ಇದ್ದಾರೆ. ಅವರಿಗೆ ಇದು ಇನ್ನೂ ಸುಲಭ. ಎ ಅನ್ನು ಸಾ ಅಂತ ಇಟ್ಟುಕೊಳ್ಳಿ. ಮೇಜರ್ ಪೆಂಟಾಟೋನಿಕ್ ಅಂದರೆ ಸಾ ರಿ ಗ ಪ ಧ, ಅಂದರೆ ಭೂಪಾಲಿಯ ಸ್ವರಗಳು. ಮೈನರ್ ಪೆಂಟಾಟೋನಿಕ್ ಅಂದರೆ ಸಾ, ಕೋಮಲ ಗಾಂಧಾರ, ಮ, ಪ, ಕೋಮಲ ನಿಷಾದ. ಅದು ಧಾನಿಯ ಸ್ವರಗಳು. ಎರಡೂ ಗಾಂಧಾರ ಒಟ್ಟಿಗೆ ಬರುವುದು ಹಿಂದೂಸ್ತಾನಿಯವರಿಗೆ ಹೊಸದಲ್ಲ. ಜೋಗ್ ರಾಗದಲ್ಲಿ ಏರುವಾಗ ಶುದ್ಧ ಗಾಂಧಾರ, ಇಳಿಯುವಾಗ ಕೋಮಲ ಗಾಂಧಾರ ಬರುತ್ತದಲ್ವಾ? ಆ ಕಿವಿ ಇದ್ದರೆ ಬ್ಲೂಸ್ ಅರ್ಧ ಬಂದ ಹಾಗೆ. ವ್ಯತ್ಯಾಸ ಒಂದೇ. ರಾಗದಲ್ಲಿ ಕೆಳಗೆ ತಾನ್ಪುರ ಒಂದೇ ಸಮ ನಿಂತಿರುತ್ತದೆ. ಬ್ಲೂಸ್‌ನಲ್ಲಿ ಕೆಳಗಿನ ನೆಲವೇ ಜಾಗ ಬದಲಿಸುತ್ತಿರುತ್ತದೆ.

ಆ ನೆಲ ಹೀಗಿದೆ. ಸಾಮಾನ್ಯ ಹನ್ನೆರಡು ಬಾರ್ ಬ್ಲೂಸ್‌ನಲ್ಲಿ ಮೊದಲ ನಾಲ್ಕು ಬಾರ್ ಎ7, ಆಮೇಲೆ ಎರಡು ಬಾರ್ ಡಿ7, ಮತ್ತೆ ಎರಡು ಬಾರ್ ಎ7. ಒಂಬತ್ತನೇ ಬಾರ್ ಇ7, ಹತ್ತನೇದು ಡಿ7, ಹನ್ನೊಂದನೇದು ಎ7, ಕೊನೆಯದು ಮತ್ತೆ ಇ7. ಕೆಲವರು ಎರಡನೇ ಬಾರ್‌ನಲ್ಲೇ ಒಮ್ಮೆ ಡಿ7ಗೆ ಹೋಗಿ ಬರುತ್ತಾರೆ.

ಈಗ ಎ7 ಕಾರ್ಡ್ ಬಿಚ್ಚಿ ನೋಡಿ. ಎ, ಸಿ ಶಾರ್ಪ್, ಇ, ಜಿ. ಸಿ ಶಾರ್ಪ್ ಇರುವುದು ಮೇಜರ್ ಪೆಂಟಾಟೋನಿಕ್‌ನಲ್ಲಿ ಮಾತ್ರ. ಜಿ ಇರುವುದು ಮೈನರ್‌ನಲ್ಲಿ ಮಾತ್ರ. ಅಂದರೆ ಈ ಕಾರ್ಡ್ ಪೂರ್ತಿ ನುಡಿಸಬೇಕಾದರೆ ಎರಡೂ ಸ್ಕೇಲ್ ಬೇಕೇ ಬೇಕು. ಡಿ7 ಇನ್ನೂ ಮಜಾ: ಡಿ, ಎಫ್ ಶಾರ್ಪ್, ಎ, ಸಿ. ಡಿ ಮತ್ತು ಸಿ ಮೈನರ್‌ನಿಂದ ಬಂದವು, ಎಫ್ ಶಾರ್ಪ್ ಮೇಜರ್‌ನಿಂದ. ಇ7ನಲ್ಲಿ ಇ, ಜಿ ಶಾರ್ಪ್, ಬಿ, ಡಿ ಇವೆ. ಬಿ ಮೇಜರ್‌ನದು, ಡಿ ಮೈನರ್‌ನದು, ಜಿ ಶಾರ್ಪ್ ಮಾತ್ರ ಎರಡರಲ್ಲೂ ಇಲ್ಲ. ಹಾಗಾಗಿ ಈ ಬೆರಕೆಯನ್ನು ಯಾರೋ ಶೋಕಿಗೆ ಮಾಡಿದ್ದು ಅಂದುಕೊಳ್ಳಬೇಡಿ. ಮೂರು ಕಾರ್ಡ್‌ಗಳೂ ಅದನ್ನೇ ಕೇಳುತ್ತಿವೆ.

ಎಂಟು ಸ್ವರಗಳ ಪೈಕಿ ಜಗಳ ಆಡುವುದು ಎರಡೇ, ಸಿ ಮತ್ತು ಸಿ ಶಾರ್ಪ್, ಅಂದರೆ ಕೋಮಲ ಮತ್ತು ಶುದ್ಧ ಗಾಂಧಾರ. ಎ7 ಓಡುವಾಗ ಸಿ ಶಾರ್ಪ್ ಮೇಲೆ ನಿಂತರೆ ಸರಿಯಾಗಿ ಕೂರುತ್ತದೆ. ಡಿ7 ಬಂದ ಕೂಡಲೇ ಅದೇ ಸಿ ಶಾರ್ಪ್ ಮುಳ್ಳಾಗುತ್ತದೆ, ಯಾಕಂದರೆ ಡಿ7 ಒಳಗೆ ಸಿ ಇದೆ, ಎರಡೂ ಒಂದು ಫ್ರೆಟ್ ಅಂತರದಲ್ಲಿ ತಿಕ್ಕಾಡುತ್ತವೆ. ಅಲ್ಲಿ ಸಿ ಗೆ ಇಳಿಯಿರಿ. ಎ7 ವಾಪಸ್ ಬಂದರೆ ಮತ್ತೆ ಸಿ ಶಾರ್ಪ್. ಇದೊಂದನ್ನು ಪಾಲಿಸಿದರೆ ಉಳಿದ ಸ್ವರಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸಿ ಶಾರ್ಪ್ ಅನ್ನು ಡಿ7 ಮೇಲೆ ಮುಟ್ಟಲೇಬಾರದು ಅಂತಲ್ಲ, ದಾಟಿ ಹೋಗುವಾಗ ಮುಟ್ಟಬಹುದು, ಮನೆ ಮಾಡಬೇಡಿ.

ಎ7 ಮೇಲೆ ಸಿ ನುಡಿಸಿದರೆ ಏನು? ಅದೂ ನಡೆಯುತ್ತದೆ. ಬ್ಲೂಸ್‌ನ ಖಾರ ಇರುವುದೇ ಅಲ್ಲಿ. ಆದರೆ ಸಿ ಯನ್ನು ಚಪ್ಪಟೆಯಾಗಿ ಬಿಡಬೇಡಿ, ತಂತಿಯನ್ನು ಸ್ವಲ್ಪ ತಳ್ಳಿ. ಪೂರ್ತಿ ಸಿ ಶಾರ್ಪ್ ಆಗಬಾರದು, ಪೂರ್ತಿ ಸಿ ಆಗಿಯೂ ಇರಬಾರದು. ಆ ನಡುವಿನ ಜಾಗ ಯಾವ ಹಾರ್ಮೋನಿಯಂ ಮನೆಯಲ್ಲೂ ಸಿಗುವುದಿಲ್ಲ, ಹಾಡುವವರ ಗಂಟಲಲ್ಲಿ ಸಿಗುತ್ತದೆ, ಗಿಟಾರ್ ತಂತಿಯಲ್ಲಿ ಸಿಗುತ್ತದೆ.

ಇನ್ನು ಕೈಗೆ ಬರೋಣ. ತೆಳು ತಂತಿ 1, ದಪ್ಪ ತಂತಿ 6 ಅಂತ ಎಣಿಸುತ್ತೇನೆ. ನಿಮಗೆ ಗೊತ್ತಿರುವ ಐದನೇ ಫ್ರೆಟ್ ಬಾಕ್ಸ್‌ನಲ್ಲೇ ಇರಿ. ಅದರೊಳಗೆ ಮೇಜರ್ ಸ್ವರಗಳು ಎಲ್ಲಿ ಅಡಗಿವೆ ಅಂತ ಹುಡುಕಿ. 3ನೇ ತಂತಿಯ 6ನೇ ಫ್ರೆಟ್ ಸಿ ಶಾರ್ಪ್. 2ನೇ ತಂತಿಯ 7 ಎಫ್ ಶಾರ್ಪ್. 1ನೇ ತಂತಿಯ 7 ಬಿ. ಕೆಳಗಿನ ಕಡೆ 5ನೇ ತಂತಿಯ 4 ಸಿ ಶಾರ್ಪ್, 4ನೇ ತಂತಿಯ 4 ಎಫ್ ಶಾರ್ಪ್. ಮೊದಲಿಗೆ ತೆಳುವಾದ ಮೂರು ತಂತಿ (1, 2, 3) ಸಾಕು.

ಎ7 ಬಾರ್‌ಗೆ ಈ ಸಾಲು: 3ನೇ ತಂತಿ 5ನೇ ಫ್ರೆಟ್ ಮೀಟಿ ತಕ್ಷಣ 6ಕ್ಕೆ ಹ್ಯಾಮರ್ ಆನ್ ಮಾಡಿ (ಮತ್ತೆ ಮೀಟದೆ ಇನ್ನೊಂದು ಬೆರಳನ್ನು ತಂತಿಯ ಮೇಲೆ ಬಡಿದು ಒತ್ತುವುದು), ಆಮೇಲೆ 2ನೇ ತಂತಿ 5, ಅದೇ ತಂತಿ 8, ಕೊನೆಗೆ 1ನೇ ತಂತಿ 5. ಸಿ, ಸಿ ಶಾರ್ಪ್, ಇ, ಜಿ, ಎ. ಕೋಮಲದಿಂದ ಶುದ್ಧಕ್ಕೆ ಹತ್ತಿ ಪೂರ್ತಿ ಕಾರ್ಡ್ ಹೇಳಿ ಮುಗಿಸಿದ ಹಾಗಾಯಿತು. ಆ ಹ್ಯಾಮರ್ ಆನ್ ಬ್ಲೂಸ್‌ನ ಸಹಿ ಇದ್ದ ಹಾಗೆ, ಅದೊಂದೇ ಕೇಳಿದರೂ ಇದು ಬ್ಲೂಸ್ ಅಂತ ಗೊತ್ತಾಗುತ್ತದೆ.

ಡಿ7ಗೆ: 3ನೇ ತಂತಿ 7, 2ನೇ ತಂತಿ 7, 1ನೇ ತಂತಿ 5, ಅದೇ ತಂತಿ 8, ಮತ್ತೆ 5. ಡಿ, ಎಫ್ ಶಾರ್ಪ್, ಎ, ಸಿ, ಎ. ಕೈ ಒಂದಿಂಚೂ ಸರಿಯಲಿಲ್ಲ, ಆದರೆ ಟ್ರ್ಯಾಕ್ ಇಲ್ಲದೆ ನುಡಿಸಿದರೂ ಕಾರ್ಡ್ ಬದಲಾಯಿತು ಅಂತ ಕೇಳುಗನಿಗೆ ತಿಳಿಯುತ್ತದೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ರುಚಿಯ ಜಾಗ ಇದೇ. ತುಂಬಾ ಜನ ಡಿ7 ಬಂದ ಕೂಡಲೇ ಹೆದರಿ ಪೂರ್ತಿ ಮೈನರ್‌ಗೆ ಓಡುತ್ತಾರೆ. ತಪ್ಪೇನಲ್ಲ, ಸುರಕ್ಷಿತ. ಆದರೆ ಎಫ್ ಶಾರ್ಪ್ ಬಿಟ್ಟರೆ ಡಿ7ನ ಮುಖವೇ ಕಾಣುವುದಿಲ್ಲ.

ಇ7ಗೆ ಇಳಿಯುವ ಸಾಲು ಹಾಕಿ: 1ನೇ ತಂತಿ 7, 5, ಆಮೇಲೆ 2ನೇ ತಂತಿ 8, 5, ಆಮೇಲೆ 3ನೇ ತಂತಿ 7. ಹತ್ತನೇ ಬಾರ್‌ನ ಡಿ7ನಲ್ಲಿ 3ನೇ ತಂತಿಯ 7ರಿಂದ 5ಕ್ಕೆ ಬಂದು ಸಿ ಮೇಲೆ ಸ್ವಲ್ಪ ಹೊತ್ತು ಕಾಯಿರಿ. ಹನ್ನೊಂದನೇ ಬಾರ್‌ನ ಮೊದಲ ಪೆಟ್ಟಿಗೆ ಸರಿಯಾಗಿ ಅಲ್ಲಿಂದ 6ಕ್ಕೆ ಹ್ಯಾಮರ್ ಮಾಡಿ, 4ನೇ ತಂತಿಯ 7ನೇ ಫ್ರೆಟ್‌ನ ಎ ಮೇಲೆ ಕೂರಿ. ಕಾಯುವುದು ಮುಖ್ಯ. ಹ್ಯಾಮರ್ ಅರ್ಧ ಪೆಟ್ಟು ಮೊದಲೇ ಬಿದ್ದರೆ ಆ ಸುಖ ಹೋಯಿತು. ಜಿ ಶಾರ್ಪ್ ಬೇಕೆನಿಸಿದರೆ 4ನೇ ತಂತಿಯ 6ರಲ್ಲಿದೆ, ಇ7 ಮೇಲೆ ಒಮ್ಮೆ ತೋರಿಸಿ ಎ ಗೆ ಸರಿಯಿರಿ.

ಇನ್ನೊಂದು ದಾರಿಯೂ ಇದೆ, ಎಲ್ಲರೂ ಮೊದಲು ಹೇಳಿಕೊಡುವುದು ಅದನ್ನೇ. ಅದೇ ಮೈನರ್ ಬಾಕ್ಸ್ ಅನ್ನು ಮೂರು ಫ್ರೆಟ್ ಹಿಂದಕ್ಕೆ, ಅಂದರೆ 2ನೇ ಫ್ರೆಟ್‌ಗೆ ಸರಿಸಿದರೆ ಎ ಮೇಜರ್ ಪೆಂಟಾಟೋನಿಕ್ ಸಿಗುತ್ತದೆ. ಹೊಸ ಆಕಾರ ಕಲಿಯುವ ಕೆಲಸ ಇಲ್ಲ. ಆದರೆ ಒಂದು ತೊಂದರೆ. ಮೈನರ್‌ನಲ್ಲಿ ತೋರುಬೆರಳಿನ ಕೆಳಗೆ ಇದ್ದ ಎ ಈಗ ಕಿರುಬೆರಳಿನ ಕೆಳಗೆ ಹೋಗಿರುತ್ತದೆ. ಹಳೇ ಅಭ್ಯಾಸದಂತೆ ತೋರುಬೆರಳಲ್ಲಿ ಸಾಲು ಮುಗಿಸಿದರೆ ಎಫ್ ಶಾರ್ಪ್ ಮೇಲೆ ನಿಲ್ಲುತ್ತೀರಿ, ಕೇಳಿದವರು ಇವನು ಊರು ಮರೆತ ಅಂತಾರೆ. ಈ ವಿಧಾನದಿಂದ ಆರಂಭಿಸಬಹುದು, ಆದರೆ ಇಲ್ಲೇ ಉಳಿದರೆ ಎರಡು ಸ್ಕೇಲ್‌ಗಳು ಎರಡು ಬೇರೆ ಓಣಿಗಳಾಗಿ ಉಳಿಯುತ್ತವೆ.

ಬಿ.ಬಿ. ಕಿಂಗ್ ಹೆಸರಿನಲ್ಲೇ ಕರೆಯುವ ಒಂದು ಪುಟ್ಟ ಬಾಕ್ಸ್ ಇದೆ. ಎ ಕೀಯಲ್ಲಿ ಅದು 10ನೇ ಫ್ರೆಟ್ ಹತ್ತಿರ. 2ನೇ ತಂತಿಯ 10 ಎ, ಅದೇ ತಂತಿಯ 12 ಬಿ, 3ನೇ ತಂತಿಯ 11 ಎಫ್ ಶಾರ್ಪ್, 1ನೇ ತಂತಿಯ 10 ಡಿ, 12 ಇ. ಐದೇ ಸ್ವರ, ಆದರೆ ಎರಡೂ ಗಾಂಧಾರ ಇಲ್ಲಿ ಬೆಂಡ್‌ನಲ್ಲಿವೆ, ಅಂದರೆ ತಂತಿ ತಳ್ಳಿ ಸ್ವರ ಏರಿಸುವುದರಲ್ಲಿ. 12ನೇ ಫ್ರೆಟ್‌ನ ಬಿ ಯನ್ನು ಪೂರ್ತಿ ಬೆಂಡ್ ಮಾಡಿದರೆ ಸಿ ಶಾರ್ಪ್, ಅರ್ಧ ಮಾಡಿದರೆ ಸಿ. ಎ7ಗೆ ಪೂರ್ತಿ, ಡಿ7ಗೆ ಅರ್ಧ. ಬೆರಳು ಅದೇ ಫ್ರೆಟ್ ಮೇಲೆ ಇದ್ದುಕೊಂಡೇ ಮೇಜರ್ ಹೋಗಿ ಮೈನರ್ ಬರುತ್ತದೆ. ಎಷ್ಟು ತಳ್ಳಬೇಕು ಅಂತ ತಿಳಿಯಲು ಮೊದಲು 14ನೇ ಫ್ರೆಟ್ ಮೀಟಿ ಸಿ ಶಾರ್ಪ್ ಕೇಳಿಸಿಕೊಳ್ಳಿ, ಆಮೇಲೆ 12ರಿಂದ ಬೆಂಡ್ ಮಾಡಿ ಅಲ್ಲಿಗೆ ಮುಟ್ಟಿಸಿ. 13ನೇ ಫ್ರೆಟ್‌ನ ಸಿ ಗೂ ಹಾಗೇ.

ಬೆಂಡ್ ಸರಿಯಾಗಬೇಕಾದರೆ ಟ್ಯೂನಿಂಗ್ ಸರಿ ಇರಬೇಕು. ಏಪ್ರಿಲ್, ಮೇನಲ್ಲಿ ನಮ್ಮೂರ ಬಿಸಿಲು ಗೊತ್ತಲ್ಲ. ಕೂಲರ್ ರೂಮಿನಿಂದ ಗಿಟಾರ್ ಎತ್ತಿಕೊಂಡು ಸಂಜೆ ಮಾಳಿಗೆ ಹತ್ತಿದರೆ ಆ ಕಾವಿಗೆ ತಂತಿ ಹಿಗ್ಗಿ ಸ್ವರ ಇಳಿಯುತ್ತದೆ. ಹತ್ತು ನಿಮಿಷ ಬಿಟ್ಟು ಟ್ಯೂನ್ ಮಾಡಿ. ಕೂಲರ್ ಗಾಳಿಗೆ ನೇರವಾಗಿ ಗಿಟಾರ್ ಇಡಬೇಡಿ, ಆ ತೇವ ಕಟ್ಟಿಗೆಗೆ ಒಳ್ಳೇದಲ್ಲ.

ಅಭ್ಯಾಸಕ್ಕೆ ಮೊದಲು ಹನ್ನೆರಡು ಬಾರ್ ಬೇಡ. ಎ7 ಒಂದನ್ನೇ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಓಡಿಸಿ, ಅದರ ಮೇಲೆ ಸಿ ಯಿಂದ ಸಿ ಶಾರ್ಪ್‌ಗೆ ಎಷ್ಟು ಬಗೆಯಲ್ಲಿ ಹೋಗಬಹುದು ಅಂತ ಹುಡುಕಿ: ಹ್ಯಾಮರ್, ಸ್ಲೈಡ್, ಬೆಂಡ್. ಆಮೇಲೆ ಎ7 ನಾಲ್ಕು ಬಾರ್, ಡಿ7 ನಾಲ್ಕು ಬಾರ್. ಅಲ್ಲಿ ಬೇರೆ ಏನೂ ನುಡಿಸದೆ ಎ7ಗೆ ಸಿ ಶಾರ್ಪ್, ಡಿ7ಗೆ ಸಿ, ಇಷ್ಟೇ ಉದ್ದವಾಗಿ ಹಿಡಿಯಿರಿ. ಬೇಸರದ ಕೆಲಸ, ನಿಜ. ಆದರೆ ಕಿವಿ ಇದರಿಂದಲೇ ತಯಾರಾಗುತ್ತದೆ. ಕೊನೆಗೆ ಹನ್ನೆರಡು ಬಾರ್, ನಿಧಾನವಾಗಿ, ನಿಮಿಷಕ್ಕೆ 60–70 ಬೀಟ್‌ನಲ್ಲಿ.

ಬ್ಲೂಸ್ ನುಡಿಸುವ ಗೆಳೆಯರು ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಹಾರ್ಮೋನಿಯಂ, ತಬಲಾದವರು ಸಿಗುತ್ತಾರೆ. ಅವರನ್ನೇ ಕೂರಿಸಿಕೊಳ್ಳಿ. ಹಾರ್ಮೋನಿಯಂನವರು ಎ, ಸಿ ಶಾರ್ಪ್, ಜಿ ಒತ್ತಿ ಹಿಡಿದರೆ ಎ7 ಆಯಿತು. ಡಿ7ಗೆ ಡಿ, ಎಫ್ ಶಾರ್ಪ್, ಸಿ. ತಬಲಾದವರಿಗೆ ವಿಳಂಬವಾಗಿ ದಾದ್ರಾ ಹಿಡಿಯಲು ಹೇಳಿ, ಆರು ಮಾತ್ರೆಯ ಎರಡು ಆವರ್ತನ ಸೇರಿದರೆ ಸ್ಲೋ ಬ್ಲೂಸ್‌ನ ಒಂದು ಬಾರ್. ಮೇಜರ್ ಜಾಸ್ತಿ ಆದಾಗ ಅವರೇ ಹೇಳುತ್ತಾರೆ, "ಏನೋ ಯಾರ್, ಬ್ಲೂಸ್ ಅಂತ ಹೇಳಿ ಭೂಪಾಲಿ ನುಡಸ್ಲಾಕತ್ತಿಯಲ್ಲ" ಅಂತ. ಹಾಗೆ ಕೇಳಿದ ದಿನ ಜಿ ಮತ್ತು ಸಿ ಸ್ವಲ್ಪ ಹೆಚ್ಚು ಹಾಕಿ.

ಸಾಲುಗಳನ್ನು ಜೋಡಿಸುವುದಕ್ಕೆ ಬಂದೇನವಾಜ್ ಉರುಸಿನಲ್ಲಿ ಖವ್ವಾಲಿ ಕೇಳಿದವರಿಗೆ ಪಾಠ ಬೇಕಿಲ್ಲ. ಒಬ್ಬ ಒಂದು ಸಾಲು ಬಿಡುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ಎರಡು ಬಾರ್ ಮೇಜರ್‌ನಲ್ಲಿ ಕೇಳಿ, ಎರಡು ಬಾರ್ ಮೈನರ್‌ನಲ್ಲಿ ಉತ್ತರ ಕೊಡಿ. ನಡುವೆ ಉಸಿರು ಬಿಡಿ. ಒಂದೇ ಸಾಲಿನಲ್ಲಿ ನಾಲ್ಕು ಸಲ ಆಚೆ ಈಚೆ ಹಾರಿದರೆ ಯಾವುದೂ ನಿಲ್ಲುವುದಿಲ್ಲ.

ಮೈನರ್ ಬ್ಲೂಸ್ ಬಂದರೆ ಇದನ್ನೆಲ್ಲ ಪಕ್ಕಕ್ಕಿಡಿ. ಕೆಳಗೆ ಎ ಮೈನರ್, ಡಿ ಮೈನರ್ ಓಡುವಾಗ ಸಿ ಶಾರ್ಪ್‌ಗೂ ಎಫ್ ಶಾರ್ಪ್‌ಗೂ ಕೂರಲು ಜಾಗ ಇಲ್ಲ.

ಅಕೌಸ್ಟಿಕ್ ಗಿಟಾರ್ ಇರುವವರು ಇ ಕೀಯಲ್ಲಿ ಶುರು ಮಾಡಿ. ದಪ್ಪ ತಂತಿಯ ಮೇಲೆ ಪೂರ್ತಿ ಬೆಂಡ್ ಎಳೆದು ಬೆರಳು ಕೊಯ್ದುಕೊಳ್ಳುವ ಕಷ್ಟ ಇಲ್ಲ. 3ನೇ ತಂತಿ ಖಾಲಿ ಮೀಟಿದರೆ ಜಿ, 1ನೇ ಫ್ರೆಟ್‌ಗೆ ಹ್ಯಾಮರ್ ಮಾಡಿದರೆ ಜಿ ಶಾರ್ಪ್, ಇ7ಗೆ ಎರಡೂ ಗಾಂಧಾರ ಅಲ್ಲೇ ಸಿಕ್ಕವು. ಇ ಕೀಯಲ್ಲಿ ಡಿ7ನ ಜಾಗಕ್ಕೆ ಎ7 ಬರುತ್ತದೆ. ಅದು ಬಂದಾಗ ಆ ಹ್ಯಾಮರ್ ಬಿಟ್ಟು ಖಾಲಿ ಜಿ ಮೀಟಿ, ಜೊತೆಗೆ 2ನೇ ತಂತಿಯ 2ನೇ ಫ್ರೆಟ್‌ನ ಸಿ ಶಾರ್ಪ್ ಸೇರಿಸಿ. ಕರೆಂಟ್ ಹೋದರೂ ನಿಲ್ಲಿಸಬೇಕಾಗಿಲ್ಲ.