ಮನೆಗೆ ಬರುವ ಆರೈಕೆ: ಇಂಗ್ಲೆಂಡಿನ ಕೌನ್ಸಿಲ್ ಒಂದರಲ್ಲಿ ನನ್ನ ಅನುಭವ

ಇಂಗ್ಲೆಂಡಿನ ಒಂದು ಕೌಂಟಿ ಕೌನ್ಸಿಲಿನಲ್ಲಿ (ನಮ್ಮ ಜಿಲ್ಲಾ ಪಂಚಾಯತಿಯಂಥ ಸ್ಥಳೀಯ ಆಡಳಿತ) ನಾನು ಕಮಿಷನಿಂಗ್ ವಿಭಾಗದಲ್ಲಿದ್ದೇನೆ. ವಯಸ್ಸಾದವರಿಗೆ, ಅಂಗವಿಕಲರಿಗೆ ಎಷ್ಟು ಆರೈಕೆ ಬೇಕಾಗಬಹುದು, ಅದನ್ನು ಯಾರಿಂದ, ಎಷ್ಟಕ್ಕೆ ಕೊಳ್ಳಬೇಕು ಅಂತ ಯೋಚಿಸುವುದು ನಮ್ಮ ಕೆಲಸ. ಕೌನ್ಸಿಲ್ ತಾನೇ ಕೇರರ್‌ಗಳನ್ನು (ಮನೆಗೆ ಬಂದು ಆರೈಕೆ ಮಾಡುವವರನ್ನು) ಕಳಿಸುವುದು ಬಹಳ ಕಡಿಮೆ. ಖಾಸಗಿ ಏಜೆನ್ಸಿಗಳು, ಚಾರಿಟಿಗಳು ಕಳಿಸುತ್ತವೆ, ದುಡ್ಡು ನಾವು ಕೊಡುತ್ತೇವೆ.

ಸರ್ಕಾರ ಎಲ್ಲರನ್ನೂ ಪುಕ್ಕಟೆಯಾಗಿ ನೋಡಿಕೊಳ್ಳುತ್ತದೆ ಅಂತ ಊರಿನಲ್ಲಿ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಆಸ್ಪತ್ರೆ ಪುಕ್ಕಟೆ, ಆದರೆ ಸ್ನಾನ ಮಾಡಿಸುವುದು, ಊಟ ಕೊಡುವುದು ಇಂಥದ್ದಕ್ಕೆ ಆಸ್ತಿ, ಆದಾಯದ ಲೆಕ್ಕ ನೋಡುತ್ತಾರೆ. 23,250 ಪೌಂಡಿಗಿಂತ ಜಾಸ್ತಿ ಉಳಿತಾಯ ಇದ್ದರೆ ಸಾಮಾನ್ಯವಾಗಿ ಖರ್ಚೆಲ್ಲ ಅವರದೇ. ಹಾಗಂತ ಅವರನ್ನು ನಾವು ಮರೆಯುವ ಹಾಗಿಲ್ಲ. ಕೇರ್ ಆಕ್ಟ್ 2014 ರ 5 ನೇ ಸೆಕ್ಷನ್ ಪ್ರಕಾರ ಇಡೀ ಪ್ರದೇಶದಲ್ಲಿ ಒಳ್ಳೆಯ ಆರೈಕೆ ಸಿಗುವ ಹಾಗೆ ನೋಡಿಕೊಳ್ಳುವ ಹೊಣೆ ಕೌನ್ಸಿಲಿನದು. ದುಡ್ಡು ಯಾರೇ ಕೊಡಲಿ.

ಹೋಮ್ ಕೇರ್ ಕಾಂಟ್ರ್ಯಾಕ್ಟ್ ಮುಗಿಯುತ್ತಾ ಬಂದಾಗ ಹೊಸದನ್ನು ರೂಪಿಸುವ ಕೆಲಸ ನನಗೆ ಬಂತು. ಜನಗಣತಿ, 85 ದಾಟಿದವರ ಸಂಖ್ಯೆ, ಡಾಕ್ಟರುಗಳ ಬಳಿ ಇರುವ ಡಿಮೆನ್ಶಿಯಾ ಪಟ್ಟಿಯ ಲೆಕ್ಕ, ಎಲ್ಲವನ್ನೂ ತೆಗೆದೆವು. ಆದರೆ ನನಗೆ ಹೆಚ್ಚು ಕಲಿಸಿದ್ದು ಬೇರೆಯೇ ಒಂದು ಪಟ್ಟಿ. ಸೋಶಿಯಲ್ ವರ್ಕರ್ ಆರೈಕೆ ಮಂಜೂರು ಮಾಡಿದ್ದರೂ ಯಾವ ಏಜೆನ್ಸಿಯೂ ಒಪ್ಪಿಕೊಳ್ಳದೆ ಕಾಯುತ್ತಿರುವವರ ಪಟ್ಟಿ ಅದು. ಅವರ ವಿಳಾಸಗಳನ್ನು ನಕ್ಷೆಯ ಮೇಲೆ ಗುರುತು ಹಾಕಿದೆ. ಪೇಟೆಯೊಳಗೆ ಗುರುತುಗಳೇ ಕಡಿಮೆ, ಅಂಚಿನ ಹಳ್ಳಿಗಳಲ್ಲಿ ಗುಂಪು ಗುಂಪು.

ಕಾರಣ ತಿಳಿಯಲು ಒಬ್ಬ ಕೇರರ್ ಜೊತೆ ಬೆಳಗಿನ ಪಾಳಿಗೆ ಹೋದೆ. ಬಾಗಿಲ ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ನಂಬರ್ ಒತ್ತಿ ಕೀ ತೆಗೆದರು. ಫೋನಿನಲ್ಲಿ ಬಂದ ಹೊತ್ತು ದಾಖಲಿಸಿದರು. ಅಜ್ಜನನ್ನು ಎಬ್ಬಿಸಿ ಕೂರಿಸಿ, ಪ್ಯಾಡ್ ಬದಲಿಸಿ, ಮೈ ಒರೆಸಿ, ಮಾತ್ರೆ ನುಂಗಿಸಿ ಚಾರ್ಟಿನಲ್ಲಿ ಸಹಿ ಹಾಕಿದರು. ಟೀ ಮಾಡಿಟ್ಟರು. ಆ ಮನೆಗೆ ಗೊತ್ತು ಮಾಡಿದ್ದು 15 ನಿಮಿಷ. ಅಜ್ಜ ಟೀ ಕುಡಿದು ಮುಗಿಸುವುದನ್ನು ನೋಡುವಷ್ಟೂ ಹೊತ್ತಿರಲಿಲ್ಲ. ಆಮೇಲೆ ಕಿರಿದಾದ ದಾರಿ, ಮುಂದೆ ಟ್ರ್ಯಾಕ್ಟರ್. ಮನೆಯೊಳಗೆ ಕಳೆದದ್ದಕ್ಕಿಂತ ರಸ್ತೆಯಲ್ಲಿ ಕಳೆದದ್ದೇ ಜಾಸ್ತಿ. ಮನೆಯಿಂದ ಮನೆಗೆ ಹೋಗುವ ಹೊತ್ತೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಬೇಕು ಅನ್ನುತ್ತದೆ ಇಲ್ಲಿನ ಕಾನೂನು. ಹಳೆಯ ಕಾಂಟ್ರ್ಯಾಕ್ಟಿನಲ್ಲಿ ಕೌನ್ಸಿಲ್ ಕೊಡುತ್ತಿದ್ದದ್ದು ಒಳಗಿದ್ದ ನಿಮಿಷಗಳಿಗೆ ಮಾತ್ರ. ಮತ್ತೆ ಹಳ್ಳಿಗೆ ಯಾರು ಬರುತ್ತಾರೆ? ಪೇಟೆಯ ಒಂದೇ ಬೀದಿಗೆ ಮಾತ್ರ ನಾಲ್ಕಾರು ಏಜೆನ್ಸಿಗಳ ಕಾರುಗಳು ಬರುತ್ತಿದ್ದವು.

ಹೊಸ ಕಾಂಟ್ರ್ಯಾಕ್ಟಿನಲ್ಲಿ ಕೌಂಟಿಯನ್ನು ವಲಯಗಳಾಗಿ ಹಂಚಿದೆವು. ಹಾಲು ಹಾಕುವವನು ಒಂದು ಬಡಾವಣೆ ಹಿಡಿದು ಮುಗಿಸುವ ಹಾಗೆ, ವಲಯಕ್ಕೊಂದು ಮುಖ್ಯ ಏಜೆನ್ಸಿ, ಬೆನ್ನಿಗೆ ಇನ್ನೊಂದು. ಹಳ್ಳಿ ವಲಯಗಳಿಗೆ ವಾರಕ್ಕೆ ಇಷ್ಟು ಗಂಟೆ ಅಂತ ಖಾತ್ರಿ ಕೊಟ್ಟೆವು, ದರವನ್ನೂ ಹೆಚ್ಚಿಸಿದೆವು. ಮೈ ಕೈ ಮುಟ್ಟಿ ಮಾಡುವ ಆರೈಕೆಗೆ ಅರ್ಧ ಗಂಟೆಗಿಂತ ಕಡಿಮೆ ಭೇಟಿ ಬೇಡ ಅಂದೆವು. ಆರೋಗ್ಯ, ಆರೈಕೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2015 ರಲ್ಲಿ ಹೊರಡಿಸಿದ್ದೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ.

ಜಗಳ ನಡೆದದ್ದು ದರದ ಮೇಲೆ. ನಾನು ಕೆಳಗಿನಿಂದ ಲೆಕ್ಕ ಕಟ್ಟಿದೆ. ಮೊದಲು ಕನಿಷ್ಠ ವೇತನ (2025 ರ ಏಪ್ರಿಲಿನಲ್ಲಿ ಅದು ಗಂಟೆಗೆ 12.21 ಪೌಂಡ್ ಆಗಿತ್ತು). ಅದರ ಮೇಲೆ ಓಡಾಟದ ಹೊತ್ತು, ಪೆಟ್ರೋಲು, ರಜೆಯ ಸಂಬಳ, ಪೆನ್ಶನ್, ಮಾಲೀಕರು ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ, ತರಬೇತಿ, ಆಫೀಸು. ಈ ಮೊತ್ತಕ್ಕಿಂತ ಕೆಳಗೆ ಟೆಂಡರ್ ಹಾಕಿದವರು ಅದು ಹೇಗೆ ಸಾಧ್ಯ ಅಂತ ಬಿಡಿಸಿ ತೋರಿಸಬೇಕು ಅಂದೆ. ಹಣಕಾಸು ವಿಭಾಗದವರು ಸುಮ್ನೆ ಒಪ್ಪಲಿಲ್ಲ. ಅವರ ಕಷ್ಟವೂ ನಿಜವೇ, ಬಜೆಟ್ ಎಲ್ಲಿಂದ ತರಬೇಕು? ಆದರೆ ಅಗ್ಗದ ಏಜೆನ್ಸಿ ಬಾಗಿಲು ಮುಚ್ಚಿದರೆ ಅದೇ ಕೇರ್ ಆಕ್ಟಿನ 48 ನೇ ಸೆಕ್ಷನ್ ಪ್ರಕಾರ ಅದರ ಗಿರಾಕಿಗಳಿಗೆ ಬೇರೆ ವ್ಯವಸ್ಥೆ ಆಗುವ ತನಕ ನೋಡಿಕೊಳ್ಳಬೇಕಾದವರು ನಾವೇ. ಸ್ವಂತ ದುಡ್ಡು ಕೊಡುತ್ತಿದ್ದವರೂ ಅದರಲ್ಲಿ ಸೇರುತ್ತಾರೆ. 2011 ರಲ್ಲಿ ಸದರ್ನ್ ಕ್ರಾಸ್ ಅನ್ನುವ ಕಂಪನಿ ಕುಸಿದಾಗ ಅದರ ಕೇರ್ ಹೋಮುಗಳಲ್ಲಿ ಸುಮಾರು 31,000 ಜನ ಇದ್ದರು. ಆ ಉದಾಹರಣೆ ಮೇಜಿನ ಮೇಲಿಟ್ಟ ಮೇಲೆ ಮಾತು ಮುಂದೆ ಸಾಗಿತು.

ಟೆಂಡರ್‌ಗೆ ಅಂಕ ಕೊಡುವ ಸಮಿತಿಯಲ್ಲಿ ಆರೈಕೆ ಪಡೆಯುತ್ತಿದ್ದವರನ್ನೂ ಕೂರಿಸಿದೆವು. ಎಲ್ಲ ಕೌನ್ಸಿಲಿನವರೂ ಇದನ್ನು ಮಾಡಲಿ ಅಂತ ನನ್ನ ಆಸೆ. ಒಬ್ಬ ಅಜ್ಜಿ ಏಜೆನ್ಸಿಗಳಿಗೆ ಕೇಳಿದ್ದು ಒಂದೇ ಪ್ರಶ್ನೆ: "ನಾಳೆ ಬೆಳಿಗ್ಗೆ ನನ್ನ ಬಟ್ಟೆ ಬಿಚ್ಚುವವರು ಯಾರು ಅಂತ ಇವತ್ತೇ ಹೇಳುತ್ತೀರಾ?" ದೊಡ್ಡ ದೊಡ್ಡ ಪ್ರೆಸೆಂಟೇಶನ್ ತಂದವರೂ ತಡವರಿಸಿದರು. ಅದು ಕಾಂಟ್ರ್ಯಾಕ್ಟಿನ ಷರತ್ತಾಯಿತು. ಒಬ್ಬರ ಮನೆಗೆ ವಾರದಲ್ಲಿ ಎಷ್ಟು ಬೇರೆ ಬೇರೆ ಕೇರರ್‌ಗಳು ಹೋದರು ಅಂತ ಈಗ ಪ್ರತಿ ತಿಂಗಳೂ ವರದಿ ತರಿಸಿಕೊಳ್ಳುತ್ತೇವೆ. ಸರಿಯಾದ ಹೊತ್ತಿಗೆ ಹೋದರಾ ಅನ್ನುವುದಕ್ಕಿಂತ ನನಗೆ ಈ ಸಂಖ್ಯೆ ಮುಖ್ಯ.

ಹಳ್ಳಿಗಳ ಗುರುತುಗಳು ಕಮ್ಮಿಯಾಗಿವೆ, ಪೂರ್ತಿ ಹೋಗಿಲ್ಲ. ಈಗಿನ ಚಿಂತೆ ಕೆಲಸಗಾರರದು. 2022 ರ ಫೆಬ್ರವರಿಯಲ್ಲಿ ಕೇರರ್‌ಗಳಿಗೆ ವೀಸಾ ತೆರೆದಾಗ ಭಾರತ, ನೈಜೀರಿಯಾ, ಜಿಂಬಾಬ್ವೆಗಳಿಂದ ಬಹಳ ಜನ ಬಂದರು. 2025 ರ ಜುಲೈಯಲ್ಲಿ ಹೊರದೇಶದಿಂದ ಹೊಸಬರನ್ನು ಕರೆಸುವ ಆ ದಾರಿ ಮುಚ್ಚಿತು. ಹಾಗಾಗಿ ಮುಂದಿನ ಯೋಜನೆಯಲ್ಲಿ ಸ್ಥಳೀಯ ಕಾಲೇಜುಗಳ ಜೊತೆ ತರಬೇತಿ, ಕಾರಿಲ್ಲದವರಿಗೆ ನಡೆದೇ ಮುಗಿಸಬಹುದಾದ ಪಾಳಿಗಳು, ಎರಡನ್ನೂ ಸೇರಿಸುತ್ತಿದ್ದೇನೆ. ಡೈರೆಕ್ಟ್ ಪೇಮೆಂಟ್ ಬಗ್ಗೆಯೂ ಜನರಿಗೆ ಹೇಳುತ್ತಿದ್ದೇವೆ. ಆರೈಕೆಯ ದುಡ್ಡನ್ನು ಆರೈಕೆ ಬೇಕಾದವರ ಕೈಗೇ, ಅವರಿಗೆ ಆಗದಿದ್ದರೆ ಅವರ ಪರವಾಗಿ ಒಪ್ಪಿಗೆ ಪಡೆದ ಮನೆಯವರ ಕೈಗೆ ಕೊಡುವ ವ್ಯವಸ್ಥೆ ಅದು. ಡಿಮೆನ್ಶಿಯಾ ಬಂದು ಇಂಗ್ಲಿಷ್ ಮರೆತ ನಮ್ಮ ಕಡೆಯ ಹಿರಿಯರಿಗೆ ಇದು ದೊಡ್ಡ ಅನುಕೂಲ. ಅವರ ಭಾಷೆ ಬಲ್ಲ, ಅನ್ನ ಸಾರು ಕಲಸಿ ಕೊಡಲು ಬರುವ ಒಬ್ಬರನ್ನು ಮನೆಯವರೇ ನೇಮಿಸಿಕೊಳ್ಳಬಹುದು. ಇಲ್ಲಿ ಇಂಗ್ಲೆಂಡಿನಲ್ಲಿರುವ ನಿಮ್ಮವರಿಗೆ ಬೇಕಾದರೆ ಸೋಶಿಯಲ್ ವರ್ಕರ್ ಬಂದಾಗ ಕೇಳಲು ಹೇಳಿ. ಸಂಬಳದ ಲೆಕ್ಕ, ತೆರಿಗೆಯ ಕಾಗದಪತ್ರ ನೋಡಿಕೊಳ್ಳಲು ಸಹಾಯ ಸಿಗುತ್ತದಾ ಅಂತಲೂ ಆಗಲೇ ವಿಚಾರಿಸಲಿ.